ಬಂದವರ ಮೂಲ: ಮಲಪ್ರಭೆಯ ಸೀಮೆಯಲ್ಲಿ ವಂಶದ ಹುಡುಕಾಟ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳ ಹಳ್ಳಿಗಳಲ್ಲಿ ಮನೆತನದ ಕಥೆ ಬಹುತೇಕ ವಲಸೆಯಿಂದಲೇ ಶುರುವಾಗುತ್ತದೆ. ಮೂಲಪುರುಷನೊಬ್ಬ ಎಲ್ಲಿಂದಲೋ ಎತ್ತು ಹೊಡೆದುಕೊಂಡು ಬಂದ, ಊರಗೌಡ ಬೀಳುಬಿದ್ದ ಹೊಲ ತೋರಿಸಿದ, ಆತ ಅಲ್ಲಿಯೇ ಒಕ್ಕಲು ಹೂಡಿದ. ಬಂದವನ ಹೆಸರು ಮೊಮ್ಮಕ್ಕಳಿಗೆ, ಮರಿಮಕ್ಕಳಿಗೆ ನೆನಪಿರುತ್ತದೆ. ಆತ ಬಿಟ್ಟು ಬಂದ ಊರು, ಆತನ ತಂದೆ, ಅಲ್ಲಿಯೇ ಉಳಿದ ಅಣ್ಣತಮ್ಮಂದಿರು ಮಾತ್ರ ನಾಲ್ಕೈದು ತಲೆಮಾರಿನೊಳಗೆ ಮಸುಕಾಗುತ್ತಾರೆ. ಆ ಮಸುಕಿನಾಚೆಗೆ ಹೋಗಲು ಈ ಸೀಮೆಯಲ್ಲಿ ಹಲವು ದಾರಿಗಳಿವೆ. ಅಡ್ಡಹೆಸರು, ಮನೆದೇವರು, ಬೀಗತನ, ಹೆಳವರ ಪುಸ್ತಕ ಮತ್ತು ಸರ್ಕಾರದ ದಫ್ತರ ಇವುಗಳಲ್ಲಿ ಮುಖ್ಯವಾದವು. ಪ್ರತಿಯೊಂದೂ ತಾನು ಯಾವ ಉದ್ದೇಶಕ್ಕೆ ಹುಟ್ಟಿತೋ ಅದನ್ನಷ್ಟೇ ಕಾದಿಟ್ಟುಕೊಂಡಿದೆ. ಹಾಗಾಗಿ ಒಂದನ್ನೇ ನಂಬಿ ಮೂಲದ ಊರನ್ನು ನಿರ್ಧರಿಸಿದವರು ಬಹಳ ಸಲ ತಪ್ಪು ಊರಿಗೆ ಹೋಗಿ ನಿಂತಿದ್ದಾರೆ.

ಜನ ಊರು ಬಿಟ್ಟ ಕಾರಣಗಳು ಈ ನೆಲದ ಇತಿಹಾಸದಲ್ಲೇ ಇವೆ. ಕಿತ್ತೂರಿನ ಪಡುವಣ ಭಾಗ ಮಲೆನಾಡಿನ ಸೆರಗು. ಬೈಲಹೊಂಗಲ ಎರೆಭೂಮಿಯ ಬಯಲು. ಸವದತ್ತಿಯನ್ನು ದಾಟಿ ರಾಮದುರ್ಗದ ಕಡೆಗೆ ಸಾಗಿದಂತೆ ಮಳೆ ಕಡಿಮೆಯಾಗಿ ಕಲ್ಲುಗುಡ್ಡದ ಸೀಮೆ ಬರುತ್ತದೆ. ಮಳೆ ತಪ್ಪಿದ ವರ್ಷಗಳಲ್ಲಿ ಮೂಡಣದವರು ಪಡುವಣಕ್ಕೆ ಸರಿಯುವುದು ಹಳೆಯ ರೂಢಿ. 1876ರಿಂದ 1878ರವರೆಗಿನ ಮಹಾಬರ ಇಂಥ ವಲಸೆಗಳಲ್ಲಿ ದೊಡ್ಡದಕ್ಕೆ ಕಾರಣವಾಯಿತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಕೆಲವೇ ವರ್ಷಗಳಲ್ಲಿ ಈ ಕಡೆಗೂ ಹಬ್ಬಿ, ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಳ್ಳುವಂತೆ ಮಾಡಿತು. ಹಾಗೆ ಹೋದವರಲ್ಲಿ ಕೆಲವರು ಮರಳಿ ಬರಲಿಲ್ಲ. ದಂಡಿನ ಹಾವಳಿ, ದಾಯಾದಿಗಳ ಜಗಳ, ಸಾಲ, ಹೆಣ್ಣಿನ ಕಡೆಯ ಆಸ್ತಿ, ಮಠದ ಕರೆ, ಇವೂ ಮನೆತನಗಳನ್ನು ಎಬ್ಬಿಸಿದವು. ಇಪ್ಪತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ಕಟ್ಟಿ ರೇಣುಕಾಸಾಗರ ತುಂಬಿದಾಗ ಹಿನ್ನೀರಿನ ಹಳ್ಳಿಗಳ ಜನ ಹೊಸ ನೆಲೆಗಳಿಗೆ ಹೋದರು. ಈ ವಲಸೆಗೆ ಸರ್ಕಾರಿ ಕಾಗದವಿದೆ. ಹಿಂದಿನವುಗಳಿಗೆ ಅಷ್ಟು ಸುಲಭದ ಕಾಗದವಿಲ್ಲ.

ಹುಡುಕುವವರು ಮೊದಲು ಹಿಡಿಯುವ ಎಳೆ ಅಡ್ಡಹೆಸರು. ಈ ಭಾಗದ ಅಡ್ಡಹೆಸರುಗಳಲ್ಲಿ ಒಂದಷ್ಟು ಹುದ್ದೆಯಿಂದ ಬಂದವು: ದೇಸಾಯಿ, ನಾಡಗೌಡ, ಪಾಟೀಲ, ಕುಲಕರ್ಣಿ, ತಳವಾರ, ವಾಲೀಕಾರ. ಕೆಲವು ಕಸುಬಿನವು: ಬಡಿಗೇರ, ಕಮ್ಮಾರ, ಪತ್ತಾರ, ಗಾಣಿಗೇರ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ ಎಂಬಂಥವು ವ್ಯಾಪಾರದ ಸರಕನ್ನೋ ಯಾವುದೋ ಮರೆತ ಪ್ರಸಂಗವನ್ನೋ ಹೊತ್ತು ಬಂದಿವೆ. ವಲಸೆಯ ಹುಡುಕಾಟಕ್ಕೆ ನಿಜವಾಗಿ ನೆರವಾಗುವವು ಊರಿನ ಹೆಸರು ಹೊತ್ತವು: ಹೂಲಿ, ಮುನವಳ್ಳಿ, ಬೆಳವಡಿ, ನೇಸರಗಿ, ಮುರಗೋಡ, ಕಟಕೋಳ, ಸವದತ್ತಿ. ಮುನವಳ್ಳಿಯಲ್ಲೇ ಇರುವ ಮನೆಯನ್ನು ಯಾರೂ ಮುನವಳ್ಳಿಯವರೆಂದು ಬೇರ್ಪಡಿಸಿ ಕರೆಯುವುದಿಲ್ಲ. ಅಲ್ಲಿಂದ ಎದ್ದು ಬೈಲಹೊಂಗಲಕ್ಕೋ ಧಾರವಾಡಕ್ಕೋ ಬಂದವನನ್ನು ಅಲ್ಲಿನ ನೆರೆಹೊರೆ ಹಾಗೆ ಕರೆಯುತ್ತದೆ, ಮುಂದೆ ಶಾಲೆಯ ಮಾಸ್ತರ ಅದನ್ನೇ ದಾಖಲೆಗೆ ಏರಿಸುತ್ತಾನೆ. ಹೀಗೆ ಅಡ್ಡಹೆಸರನ್ನು ಕೊಟ್ಟದ್ದು ಬಂದು ಸೇರಿದ ಊರು.

ಆದರೆ ಅಡ್ಡಹೆಸರು ಹೇಳುವುದು ಕೊನೆಯ ತಂಗುದಾಣವನ್ನು. ಮೂರು ತಲೆಮಾರು ಮುನವಳ್ಳಿಯಲ್ಲಿದ್ದು ಅದಕ್ಕೂ ಮೊದಲು ಬಾದಾಮಿ ಕಡೆಯಿಂದ ಬಂದಿದ್ದರೆ, ಬಾದಾಮಿಯ ಸುದ್ದಿ ಹೆಸರಿನಲ್ಲಿ ಉಳಿಯುವುದಿಲ್ಲ. ಒಂದೇ ಹೆಸರಿನ ಊರುಗಳ ತೊಡಕು ಇನ್ನೂ ದೊಡ್ಡದು. ಬೈಲಹೊಂಗಲದ ಕಡೆ ಹುಬ್ಬಳ್ಳಿ ಎಂಬ ಅಡ್ಡಹೆಸರಿನವರ ಮೂಲ ದೊಡ್ಡ ಹುಬ್ಬಳ್ಳಿಯೇ ಆಗಬೇಕಿಲ್ಲ. ಕಿತ್ತೂರಿನ ಹತ್ತಿರ ಮಲಪ್ರಭೆಯ ದಂಡೆಯ ಮೇಲಿರುವ ಮುಗಟಖಾನ ಹುಬ್ಬಳ್ಳಿ, ಈಗಿನವರ ಬಾಯಲ್ಲಿ ಎಂ.ಕೆ. ಹುಬ್ಬಳ್ಳಿ, ಕೂಗಳತೆಯಲ್ಲೇ ಇದೆ. ಬಾಗೇವಾಡಿ ಎಂದರೆ ಹಿರೇಬಾಗೇವಾಡಿಯೋ, ಚಿಕ್ಕಬಾಗೇವಾಡಿಯೋ, ವಿಜಯಪುರದ ಬಸವನ ಬಾಗೇವಾಡಿಯೋ ಎಂದು ಕೇಳಲೇಬೇಕು. ಹೊಸೂರುಗಳಂತೂ ಲೆಕ್ಕವಿಲ್ಲದಷ್ಟು. ಇಂಥಲ್ಲಿ ದೂರದ ಹೆಸರುವಾಸಿ ಊರಿಗಿಂತ ಹತ್ತಿರದ ಸಣ್ಣ ಊರನ್ನು ಮೊದಲು ನೋಡುವುದು ವಾಸಿ, ಏಕೆಂದರೆ ಹಳೆಯ ಒಕ್ಕಲು ವಲಸೆಗಳಲ್ಲಿ ಹೆಚ್ಚಿನವು ಒಂದೆರಡು ದಿನದ ಗಾಡಿಯ ದಾರಿಯನ್ನು ಮೀರಿದವಲ್ಲ.

ಎರಡನೆಯ ಎಳೆ ಮನೆದೇವರು. ಊರು ಬಿಟ್ಟವರು ಹೊಲ ಬಿಟ್ಟರೂ ದೇವರನ್ನು ಬಿಡುವುದಿಲ್ಲ. ಚೊಚ್ಚಲು ಕೂಸಿನ ಜವಳಕ್ಕೆ, ಮದುವೆಯ ಮುಂಚಿನ ದೇವರ ಕಾರ್ಯಕ್ಕೆ ಹಳೆಯ ಗುಡಿಗೇ ಹೋಗುತ್ತಾರೆ. ರಾಮದುರ್ಗ ತಾಲೂಕಿನ ಗೊಡಚಿಯ ವೀರಭದ್ರನಿಗೆ ನಡೆದುಕೊಳ್ಳುವ ಮನೆತನಗಳು ಹಲವು ಜಿಲ್ಲೆಗಳಲ್ಲಿವೆ. ಈ ಗೊಡಚಿಯಲ್ಲೇ ಬಾದಾಮಿ ಚಾಲುಕ್ಯ ಒಂದನೆಯ ಕೀರ್ತಿವರ್ಮನ ಕಾಲದ, 578ರ ತಾಮ್ರಪಟ ಸಿಕ್ಕಿದೆ, ಊರಿನ ಹಳಮೆಗೆ ಅಷ್ಟು ಸಾಕು. ಸವದತ್ತಿಯ ಎಲ್ಲಮ್ಮನ ಒಕ್ಕಲು ಇನ್ನೂ ವಿಶಾಲ. ಕರ್ನಾಟಕ, ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳ ಎಷ್ಟೋ ಜಾತಿಗಳವರು ಗುಡ್ಡಕ್ಕೆ ಬರುತ್ತಾರೆ. ಆ ಕಾರಣಕ್ಕೇ ಎಲ್ಲಮ್ಮ ಮನೆದೇವರು ಎಂಬುದರಿಂದ ಮೂಲದ ಊರು ಸವದತ್ತಿ ಎಂದು ಹೇಳಲಾಗದು. ದೇವರು ಎಷ್ಟು ಸಣ್ಣದೋ, ಅದರ ಸಾಕ್ಷ್ಯ ಅಷ್ಟು ಗಟ್ಟಿ. ಒಂದೇ ಹಳ್ಳಿಯ ಹೊಲದ ಬದುವಿನಲ್ಲಿರುವ ಹೆಸರಿಲ್ಲದ ಕಲ್ಲಿಗೆ ಐವತ್ತು ಮೈಲಿ ದೂರದ ಮನೆಯೊಂದು ವರ್ಷಕ್ಕೊಮ್ಮೆ ಬಂದು ಎಡೆ ಹಿಡಿಯುತ್ತಿದ್ದರೆ, ಆ ಮನೆಯ ಹಿರಿಯರು ಆ ಹೊಲವನ್ನು ಉತ್ತವರೆಂದು ನಂಬಲು ಬಲವಾದ ಕಾರಣವಿದೆ.

ಬೀಗತನವೂ ದಾರಿ ತೋರಿಸುತ್ತದೆ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ವಾಡಿಕೆಯಿರುವ ಸೀಮೆಯಿದು. ವಲಸೆ ಬಂದ ಮನೆ ಮೊದಲ ಎರಡು ಮೂರು ತಲೆಮಾರು ಹಳೆಯ ಊರಿನ ಸುತ್ತಲೇ ಹೆಣ್ಣು ತರುತ್ತದೆ, ಆಮೇಲೆ ಹೊಸ ಊರಿನ ಸುತ್ತ ಕಳ್ಳುಬಳ್ಳಿ ಹಬ್ಬುತ್ತದೆ. ಅಜ್ಜಿ, ಮುತ್ತಜ್ಜಿಯರ ತವರೂರುಗಳನ್ನು ಸಾಲಾಗಿ ಬರೆದರೆ ವಲಸೆಯ ದಿಕ್ಕು ಕಾಣತೊಡಗುತ್ತದೆ. ಗಂಡಸರ ಹೆಸರುಗಳ ಪಟ್ಟಿಗಿಂತ ಇದು ಎಷ್ಟೋ ಸಲ ಹೆಚ್ಚು ಹೇಳುತ್ತದೆ, ಆದರೆ ಬಹಳ ಮನೆಗಳಲ್ಲಿ ಇದನ್ನು ಕೇಳಿ ಬರೆದಿಟ್ಟುಕೊಂಡವರೇ ಇಲ್ಲ. ಸೂತಕ ಆಚರಿಸುವ ಜಾತಿಗಳಲ್ಲಿ ಸಂಬಂಧದ ಎಳೆ ಮರೆತುಹೋದ ಮೇಲೂ ಪರಸ್ಪರ ಸೂತಕ ಹಿಡಿಯುವ ಮನೆಗಳಿರುತ್ತವೆ. ಎಂದೋ ಒಂದು ಕಾಲಕ್ಕೆ ಅವು ಒಂದೇ ಒಲೆಯ ಮನೆಗಳು.

ಇಷ್ಟೂ ಎಳೆಗಳನ್ನು ಒಂದೆಡೆ ಹಿಡಿದಿಟ್ಟವರು ಹೆಳವರು. ಸುಗ್ಗಿ ಮುಗಿದ ಮೇಲೆ ಸಿಂಗರಿಸಿದ ಎತ್ತಿನೊಡನೆ, ಗಂಟೆಯ ಸದ್ದಿನೊಡನೆ ಊರಿಗೆ ಬಂದು, ಒಕ್ಕಲಿನ ಮನೆಯ ಮುಂದೆ ನಿಂತು ವಂಶವನ್ನು ಮೂಲಪುರುಷನಿಂದ ಇಂದಿನ ಕೂಸಿನವರೆಗೆ ಹೇಳುವುದು ಅವರ ಕುಲಕಸುಬು. ನಡೆಯಲಾರದ ಹಿರಿಯನೊಬ್ಬನಿಗೆ ಬಸವಣ್ಣನವರು ಎತ್ತನ್ನು ಕೊಟ್ಟು ಈ ಕಾಯಕ ಒಪ್ಪಿಸಿದರೆಂಬ ಐತಿಹ್ಯ ಅವರಲ್ಲಿದೆ. ಲಿಂಗಾಯತ, ಕುರುಬ, ರೆಡ್ಡಿ ಮೊದಲಾದ ಒಕ್ಕಲು ಸಮುದಾಯಗಳಿಗೆ ಬೇರೆ ಬೇರೆ ಹೆಳವರಿರುತ್ತಾರೆ. ಯಾವ ಹೆಳವನಿಗೆ ಯಾವ ಊರಿನ ಯಾವ ಮನೆಗಳು ಎಂಬುದು ಹಕ್ಕಾಗಿ ನಿಗದಿಯಾಗಿದೆ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲಮನೆಯ ಹಾಗೆ ಈ ಊರುಗಳೂ ಪುಸ್ತಕಗಳೂ ಪಾಲಾಗುತ್ತವೆ. ತೆಲುಗು ನಾಡಿನ ಪಿಚ್ಚಿಗುಂಟ್ಲವರದೂ ಇಂಥದೇ ಕಸುಬು. ರಾಜಸ್ಥಾನದ ಭಾಟರು, ಹರಿದ್ವಾರದ ಪಂಡಾಗಳು ಇಟ್ಟುಕೊಂಡಿರುವ ಬಹಿಗಳು ಇದೇ ಬಗೆಯ ದಾಖಲೆಗಳು.

ಹೆಳವನ ಹೇಳಿಕೆಗೆ ಒಂದು ಕಟ್ಟುಪಾಡಿದೆ. ಮೊದಲು ದೇವರ ಸ್ತುತಿ, ನಂತರ ಮನೆತನದ ಬೆಡಗು (ಕುಲದ ಒಳಪಂಗಡ), ಮನೆದೇವರು, ಮೂಲದ ಊರು. ಆಮೇಲೆ ಆ ಊರು ಬಿಟ್ಟ ಕಾರಣ, ನಡುವೆ ತಂಗಿದ ಊರುಗಳು, ಈಗಿನ ಊರಿಗೆ ಬಂದವನ ಹೆಸರು. ಅಲ್ಲಿಂದ ಗಂಡುಮಕ್ಕಳ ಕವಲುಗಳು. ಕವಲೊಡೆದು ಬೇರೆ ಊರಿಗೆ ಹೋದವರು ಎಲ್ಲಿಗೆ ಹೋದರೆಂಬುದೂ ಬರುತ್ತದೆ. ಒಕ್ಕಲಿನ ಮನೆಯವರು ಹಿಂದಿನ ಭೇಟಿಯ ನಂತರ ಹುಟ್ಟಿದ ಮಕ್ಕಳ ಹೆಸರನ್ನು ಬರೆಸುತ್ತಾರೆ. ಪ್ರತಿಯಾಗಿ ಕಾಳುಕಡಿ, ಬಟ್ಟೆ, ಹಣ, ಅನುಕೂಲವಿದ್ದವರು ದನವನ್ನೂ ಕೊಡುತ್ತಾರೆ. ವಲಸೆ ಹೋದವರ ಬೆನ್ನು ಹಿಡಿಯುವುದು ಹೆಳವನಿಗೆ ಹೊಟ್ಟೆಪಾಡಿನ ಪ್ರಶ್ನೆ. ಒಕ್ಕಲು ಎಲ್ಲಿಗೆ ಹೋದರೂ ಅದು ಅವನ ಒಕ್ಕಲೇ, ಆದ್ದರಿಂದ ಹೋದ ಊರನ್ನು ಅವನು ಮರೆಯುವಂತಿಲ್ಲ. ಸರ್ಕಾರದ ಕಾಗದ ಹೊಲದ ಜೊತೆಗೇ ನಿಂತುಬಿಡುತ್ತದೆ, ಹೆಳವನ ಕಾಗದ ಮನುಷ್ಯನ ಹಿಂದೆ ನಡೆಯುತ್ತದೆ. ಬಂದವನೊಬ್ಬನ ಮೂಲ ಹುಡುಕುವವರಿಗೆ ಈ ಸೀಮೆಯಲ್ಲಿ ಇದಕ್ಕಿಂತ ಬೆಲೆಯುಳ್ಳ ಆಕರ ಇನ್ನೊಂದಿಲ್ಲ.

ಆದರೂ ಹೆಳವನ ಪುಸ್ತಕವನ್ನು ಓದುವಾಗ ಕೆಲವು ಎಚ್ಚರ ಬೇಕು. ಮೊದಲನೆಯದು ಕಾಲಗಣನೆ. ಹಳೆಯ ಹೇಳಿಕೆಗಳಲ್ಲಿ ವರ್ಷ ಬರುವುದು ಸಂವತ್ಸರದ ಹೆಸರಿನಿಂದ. ಧಾತು ಸಂವತ್ಸರದ ಬರದಲ್ಲಿ ಊರು ಬಿಟ್ಟರು ಎಂದರೆ ಅದು 1876 ಇರಬಹುದು. ಆದರೆ ಅರವತ್ತು ವರ್ಷಕ್ಕೊಮ್ಮೆ ಸುತ್ತಿ ಬರುವ ಅದೇ ಹೆಸರು 1816ರಲ್ಲೂ 1936ರಲ್ಲೂ ಬಂದಿತ್ತು. ತಲೆಮಾರಿಗೆ ಇಪ್ಪತ್ತೈದರಿಂದ ಮೂವತ್ತು ವರ್ಷ ಹಿಡಿದು ಎಣಿಸಿ, ಯಾವ ಸುತ್ತು ಹೊಂದುತ್ತದೆಂದು ನೋಡಬೇಕು. ಎರಡನೆಯದು ಹೆಸರುಗಳ ಮರುಕಳಿಕೆ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಬಸಪ್ಪನ ಮಗ ಮಲ್ಲಪ್ಪ, ಮಲ್ಲಪ್ಪನ ಮಗ ಬಸಪ್ಪ ಎಂದೇ ಸಾಲು ಸಾಗುತ್ತದೆ. ನಡುವೆ ಎರಡು ತಲೆಮಾರು ಜಾರಿಹೋದರೂ ಸಾಲು ಸರಿಯಾಗಿಯೇ ಕಾಣುತ್ತದೆ. ಮೂರನೆಯದು ದತ್ತಕ ಮತ್ತು ಮನೆಯಳಿಯತನ. ಗಂಡು ಸಂತಾನವಿಲ್ಲದ ಮನೆಗೆ ಬಂದ ಅಳಿಯನ ಮಕ್ಕಳು ಹೊಲದ ಜೊತೆಗೆ ಆ ಮನೆಯ ಅಡ್ಡಹೆಸರನ್ನೂ ಪಡೆಯುತ್ತಾರೆ. ಎರಡು ತಲೆಮಾರಿನ ನಂತರ ಅವರ ರಕ್ತದ ಮೂಲ ಒಂದು ಕಡೆ, ಹೆಸರಿನ ಮೂಲ ಇನ್ನೊಂದು ಕಡೆ ಆಗಿರುತ್ತದೆ. ಎಷ್ಟು ಹುಡುಕಿದರೂ ಸಿಕ್ಕದ ಮೂಲಪುರುಷ ಬಹಳ ಸಲ ಒಬ್ಬ ಮನೆಯಳಿಯ.

ನಾಲ್ಕನೆಯ ಎಚ್ಚರ ಹಿರಿಮೆಯ ಮೂಲಗಳ ಬಗ್ಗೆ. ಕಲ್ಯಾಣದ ಕ್ರಾಂತಿಯ ನಂತರ ಶರಣರು ಉಳವಿಯ ಕಡೆಗೆ ಸಾಗಿದ ದಾರಿ ಈ ಸೀಮೆಯಲ್ಲೇ ಹಾದುಹೋಯಿತೆಂಬುದು ಇಲ್ಲಿನ ಗಾಢ ನಂಬಿಕೆ. ಎಂ.ಕೆ. ಹುಬ್ಬಳ್ಳಿಯ ಹೊಳೆಯಲ್ಲಿರುವ, ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಸ್ಥಳ ಆ ನೆನಪಿನದೇ ಗುರುತು. ತಮ್ಮ ಹಿರಿಯರು ಶರಣರ ದಂಡಿನೊಡನೆ ಕಲ್ಯಾಣದಿಂದ ಬಂದವರೆಂದು ಹೇಳುವ ಮನೆತನಗಳು ಕಡಿಮೆಯಿಲ್ಲ. ಹನ್ನೆರಡನೆಯ ಶತಮಾನದಿಂದ ಇಲ್ಲಿಯವರೆಗೆ ಮೂವತ್ತು ತಲೆಮಾರುಗಳಾದರೂ ಆಗಬೇಕು. ಹೇಳಿಕೆಯಲ್ಲಿ ಎಂಟೋ ಹತ್ತೋ ಹೆಸರು ಮಾತ್ರ ಬಂದರೆ, ಕಲ್ಯಾಣ ಎಂಬುದು ಭಕ್ತಿಯ ಮೂಲವನ್ನು ಹೇಳುತ್ತದೆ, ಹೊಲಮನೆಯ ಮೂಲವನ್ನಲ್ಲ. ಅರಸು ಮನೆತನಗಳೂ ಹೀಗೆಯೇ ಮಾಡಿವೆ. ಸುಗಂಧವರ್ತಿಯಿಂದ, ಎಂದರೆ ಇಂದಿನ ಸವದತ್ತಿಯಿಂದ ಆಳಿದ ರಟ್ಟರು ತಮ್ಮನ್ನು ಲತ್ತಲೂರಿನ ಒಡೆಯರೆಂದು ಶಾಸನಗಳಲ್ಲಿ ಕರೆದುಕೊಂಡರು. ಲತ್ತಲೂರು ಇಂದಿನ ಮಹಾರಾಷ್ಟ್ರದ ಲಾತೂರು, ರಾಷ್ಟ್ರಕೂಟರು ತಮ್ಮ ಮೂಲವೆಂದು ಹೇಳಿಕೊಂಡ ಊರು. ಸವದತ್ತಿಯಲ್ಲಿ 980ರ ಮತ್ತು 1228ರ ರಟ್ಟ ಶಾಸನಗಳಿವೆ. ಜಾನ್ ಫೇತ್‌ಫುಲ್ ಫ್ಲೀಟ್ ಹತ್ತೊಂಬತ್ತನೆಯ ಶತಮಾನದಲ್ಲಿ ಅವುಗಳನ್ನು ಓದಿ ಪ್ರಕಟಿಸಿದ. ರಾಷ್ಟ್ರಕೂಟರು ಅಳಿದು ಬಹುಕಾಲವಾದ ಮೇಲೂ ಅವರ ಊರನ್ನು ತಮ್ಮ ಬಿರುದಿನಲ್ಲಿ ಉಳಿಸಿಕೊಳ್ಳುವುದು ಈ ಮಾಂಡಲಿಕರಿಗೆ ಬೇಕಾಗಿತ್ತು.

ಈ ಸೀಮೆಯ ಅತ್ಯಂತ ಹೆಸರಾದ ವಲಸೆ ಕಿತ್ತೂರು ದೇಸಗತಿಯದು. ಹಿರೇಮಲ್ಲಶೆಟ್ಟಿ, ಚಿಕ್ಕಮಲ್ಲಶೆಟ್ಟಿ ಎಂಬ ಅಣ್ಣತಮ್ಮಂದಿರು ಸಾಗರದ ಕಡೆಯ ವ್ಯಾಪಾರಿಗಳು. ಹದಿನಾರನೆಯ ಶತಮಾನದ ಕೊನೆಗೆ ವಿಜಯಪುರದ ಆದಿಲ್‌ಶಾಹಿ ದಂಡಿನೊಡನೆ ಬಂದು ಸಂಪಗಾವಿಯಲ್ಲಿ ನೆಲೆಸಿದರು, ಹಿರಿಯನಿಗೆ ಪರಾಕ್ರಮಕ್ಕಾಗಿ ಹುಬ್ಬಳ್ಳಿ ಸೀಮೆಯ ಸರದೇಶಮುಖಿ ದೊರೆಯಿತು. ಸಂಸ್ಥಾನದ ಆರಂಭವನ್ನು ಸಾಮಾನ್ಯವಾಗಿ 1585 ಎಂದು ಹಿಡಿಯುತ್ತಾರೆ. ಮುಂದೆ ಅಲ್ಲಪ್ಪಗೌಡ ದೇಸಾಯಿಯ ಕಾಲದಲ್ಲಿ ಗಾದಿ ಸಂಪಗಾವಿಯಿಂದ ಕಿತ್ತೂರಿಗೆ ಬಂತು. ಇಷ್ಟು ಪ್ರಸಿದ್ಧ ಮನೆತನದ ವಿಷಯದಲ್ಲೂ ಊರಿನ ಹೆಸರಿನ ತೊಡಕು ತಪ್ಪಿಲ್ಲ. ಸಾಗರ ಎರಡಿವೆ. ಇತಿಹಾಸಕಾರರು ರೂಢಿಯಾಗಿ ಹೇಳುವುದು ಮಲೆನಾಡಿನ ಸಾಗರವನ್ನು. ಯಾದಗಿರಿ ಜಿಲ್ಲೆಯ ಶಹಾಪುರದ ಬಳಿಯ ಸಾಗರವಾದರೋ ಬಹಮನಿ ಕಾಲದಿಂದಲೂ ದಂಡಿನ ಠಾಣ್ಯ. ದಂಡಿನ ಜೊತೆ ಬಂದ ವ್ಯಾಪಾರಿಗಳು ಎಂಬ ಮಾತನ್ನು ಗಂಭೀರವಾಗಿ ತೆಗೆದುಕೊಂಡರೆ ಈ ಎರಡನೆಯ ಊರನ್ನು ಗಮನಿಸದೆ ಬಿಡುವುದು ಸರಿಯಲ್ಲ.

ವಂಶದ ಪ್ರಶ್ನೆ ಎಷ್ಟು ದೊಡ್ಡ ರಾಜಕೀಯವಾಗಬಲ್ಲದು ಎಂಬುದನ್ನೂ ಕಿತ್ತೂರೇ ತೋರಿಸಿತು. ಅಲ್ಲಿನ ದೇಸಾಯಿ ಮಲ್ಲಸರ್ಜನ ಮಗ ಶಿವಲಿಂಗರುದ್ರಸರ್ಜ 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಗೌಡರ ಮನೆಯ ಹುಡುಗನನ್ನು ದತ್ತು ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಒಪ್ಪಲಿಲ್ಲ. ದತ್ತಕದ ಪತ್ರ ನಿಜವೇ, ಮರಣಕ್ಕೆ ಮುಂಚೆ ಆದದ್ದೇ ಎಂದು ಪ್ರಶ್ನಿಸಿದ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಕಾಳಗ ನಡೆಸಿದ ರಾಣಿ, ಮಲ್ಲಸರ್ಜನ ಹೆಂಡತಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರವರಿಯಲ್ಲಿ ಕಣ್ಣುಮುಚ್ಚಿದಳು. ಅದೇ ದತ್ತುಪುತ್ರನ ಹೆಸರಿನಲ್ಲಿ ಹೋರಾಟ ಮುಂದುವರಿಸಿದ ಸಂಗೊಳ್ಳಿ ರಾಯಣ್ಣನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. ಸಂಸ್ಥಾನ ಅಳಿದ ಮೇಲೆ ಅದರ ಆಶ್ರಯದಲ್ಲಿದ್ದ ಸರದಾರರು, ಶೆಟ್ಟರು, ಕಾರಕೂನರು, ಕಸುಬುದಾರರು ಬೇರೆ ಆಸರೆ ಹುಡುಕಬೇಕಾಯಿತು. ಅನೇಕ ಮನೆತನಗಳ ಹೇಳಿಕೆಯಲ್ಲಿ ಕಿತ್ತೂರು ಬಿದ್ದಾಗ ಎಂಬುದು ಕಾಲವನ್ನು ಗುರುತಿಸುವ ಮಾತಾಗಿ ನಿಂತಿದೆ. ಸಂವತ್ಸರದ ಹೆಸರಿಗಿಂತ ಇದನ್ನು ಹೆಚ್ಚು ನಂಬಬಹುದು, ಏಕೆಂದರೆ ಕಿತ್ತೂರು ಅರವತ್ತು ವರ್ಷಕ್ಕೊಮ್ಮೆ ಬೀಳಲಿಲ್ಲ.

ಆ ಕಾಳಗದಲ್ಲಿ ಸೆರೆಸಿಕ್ಕು ಬಿಡುಗಡೆಯಾದ ಇಬ್ಬರು ಅಧಿಕಾರಿಗಳಲ್ಲಿ ಒಬ್ಬ ಸ್ಕಾಟ್ಲೆಂಡಿನ ವಾಲ್ಟರ್ ಎಲಿಯಟ್. ಮುಂದೆ ಅವನು ಈ ಭಾಗದ ಕನ್ನಡ ಶಾಸನಗಳನ್ನು ನಕಲು ಮಾಡಿಸಿ ಸಂಗ್ರಹಿಸಿದ, ಚಾಲುಕ್ಯ ಮೊದಲಾದ ಅರಸರ ವಂಶಾವಳಿಯ ಮೊದಲ ಚೌಕಟ್ಟು ಆ ಸಂಗ್ರಹದಿಂದಲೇ ಮೂಡಿತು. ಡಿಸೆಂಬರಿನ ಮುತ್ತಿಗೆಯಲ್ಲಿ ಸತ್ತ ಸಬ್ ಕಲೆಕ್ಟರ್ ಮನ್ರೋ, ಗ್ಲಾಸ್ಗೋದಲ್ಲಿ ಹುಟ್ಟಿದ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋನ ಸಂಬಂಧಿ. ಇಂಥವರ ಮೂಲ ತಿಳಿಯುವುದು ಸುಲಭ. ಈಸ್ಟ್ ಇಂಡಿಯಾ ಕಂಪನಿ ತನ್ನ ನೌಕರರನ್ನು ಸೇರಿಸಿಕೊಳ್ಳುವಾಗಲೇ ಹುಟ್ಟಿದ ಊರು, ತಂದೆಯ ಹೆಸರು ಬರೆದುಕೊಂಡಿತ್ತು, ಸತ್ತಾಗ ಕಲ್ಲಿನ ಮೇಲೆ ಕೆತ್ತಿಸಿತು. ಅದಕ್ಕೂ ಹಿಂದಿನ ಶತಮಾನದಿಂದಲೇ ಅದೇ ದ್ವೀಪಗಳಿಂದ ಹೊರಟ ಬಡ ಒಕ್ಕಲಿಗರ ಪಾಡು ಬೇರೆ. ಸ್ಕಾಟ್ಲೆಂಡಿನಿಂದ ಐರ್ಲೆಂಡಿನ ಅಲ್ಸ್ಟರ್ ಸೀಮೆಗೆ ಹೋಗಿ ನೆಲೆಸಿ, 1718ರಿಂದ ಮುಂದೆ ಅಮೆರಿಕೆಗೆ ಹಡಗು ಹತ್ತಿದ ಪ್ರೆಸ್ಬಿಟೇರಿಯನ್ ಕುಟುಂಬಗಳ ವಂಶಜರು ಇಂದಿಗೂ ಮೂಲಪುರುಷನ ಹಳ್ಳಿಯನ್ನು ಹುಡುಕುತ್ತಿದ್ದಾರೆ. ಅಮೆರಿಕೆಯಲ್ಲಿ ಪ್ರಯಾಣಿಕರ ಪಟ್ಟಿ ಕಡ್ಡಾಯವಾದದ್ದು 1820ರಿಂದ. ಡಬ್ಲಿನ್ನಿನ ದಾಖಲೆ ಕಚೇರಿ 1922ರ ಅಂತರ್ಯುದ್ಧದಲ್ಲಿ ಸುಟ್ಟುಹೋಗಿ ಹತ್ತೊಂಬತ್ತನೆಯ ಶತಮಾನದ ಹಳೆಯ ಜನಗಣತಿಗಳು ಬೂದಿಯಾದವು. ಅವರೂ ಕೊನೆಗೆ ಚರ್ಚಿನ ಪುಸ್ತಕ, ಮಕ್ಕಳಿಗೆ ಅಜ್ಜನ ಹೆಸರಿಡುವ ಕ್ರಮ, ಜೊತೆಗೆ ವಲಸೆ ಬಂದ ನೆರೆಮನೆಗಳು, ಇವುಗಳನ್ನೇ ಹಿಡಿದು ಹೋಗುತ್ತಾರೆ. ಅವರಲ್ಲಿ ಹೆಳವರಿರಲಿಲ್ಲ ಎಂಬುದೊಂದು ದೊಡ್ಡ ವ್ಯತ್ಯಾಸ.

ಈ ಸೀಮೆಯ ಕಾಗದದ ದಾಖಲೆ ಹುಟ್ಟಿದ್ದು ಭೂಮಿ ಮತ್ತು ಹಕ್ಕುಗಳ ಲೆಕ್ಕಕ್ಕೆ. ಮರಾಠರ ಆಳ್ವಿಕೆಯಲ್ಲಿ ಕುಲಕರ್ಣಿಗಳ ದಫ್ತರ ಮೋಡಿ ಲಿಪಿಯ ಮರಾಠಿಯಲ್ಲಿ ನಡೆಯುತ್ತಿತ್ತು. 1818ರಲ್ಲಿ ಪೇಶ್ವೆಯ ರಾಜ್ಯ ಕಂಪನಿಯ ಕೈಸೇರಿದ ಮೇಲೆ ತೆರಿಗೆಯಿಲ್ಲದ ಇನಾಮು ಭೂಮಿಗಳ ಮೇಲೆ ಕಣ್ಣು ಬಿತ್ತು. 1840ರ ದಶಕದಲ್ಲಿ ಧಾರವಾಡ, ಬೆಳಗಾವಿ ಕಡೆ ಮೊದಲಾದ ತನಿಖೆ 1852ರ ಕಾಯ್ದೆಯಿಂದ ಇನಾಮು ಕಮಿಷನ್ನಿನ ರೂಪ ಪಡೆಯಿತು. ಇನಾಮುದಾರರು ಸನದು ತೋರಿಸಬೇಕಿತ್ತು, ಮೊದಲ ಇನಾಮುದಾರನಿಂದ ತಮ್ಮವರೆಗಿನ ವಂಶಾವಳಿ ಬರೆದು ಕೊಡಬೇಕಿತ್ತು. ಜನರಿಗೆ ಕಷ್ಟ ಕೊಟ್ಟ ಈ ತನಿಖೆ ವಂಶದ ಇತಿಹಾಸಕ್ಕೆ ಮಾತ್ರ ದೊಡ್ಡ ಭಂಡಾರವಾಯಿತು. ದೇಸಗತಿ, ಗೌಡಕಿ, ಕುಲಕರ್ಣಿಕೆ, ಮಠಮಾನ್ಯ, ಗುಡಿಯ ಪೂಜಾರಿಕೆ ಇದ್ದ ಮನೆತನಗಳ ಎಷ್ಟೋ ತಲೆಮಾರುಗಳು ಹೀಗೆ ಕಾಗದಕ್ಕೆ ಬಂದವು. 1874ರ ವತನ ಕಾಯ್ದೆಯ ರಿಜಿಸ್ಟರುಗಳು ಅದಕ್ಕೆ ಮುಂದಿನ ಕೊಂಡಿ. ಸಾಮಾನ್ಯ ಒಕ್ಕಲಿಗನಿಗೆ ಹತ್ತೊಂಬತ್ತನೆಯ ಶತಮಾನದ ನಡುವಣ ಸರ್ವೇ ಸೆಟ್ಲಮೆಂಟೇ ಮೊದಲ ಮೆಟ್ಟಿಲು. ಇಪ್ಪತ್ತನೆಯ ಶತಮಾನದ ಆರಂಭದ ಹಕ್ಕುದಾಖಲೆ ಬಂದ ಮೇಲೆ ವಾರಸಾ ನೋಂದಣಿಯ ಡೈರಿಗಳಲ್ಲಿ ಯಾರು ಸತ್ತರು, ಹೊಲ ಯಾರ ಹೆಸರಿಗಾಯಿತು ಎಂಬುದು ಸಾಲಾಗಿ ಸಿಗುತ್ತದೆ.

ಈ ಕಾಗದಗಳನ್ನು ಎಲ್ಲಿ ಹುಡುಕಬೇಕೆಂಬುದಕ್ಕೆ ಹಳೆಯ ಆಡಳಿತದ ಗಡಿಗಳು ಗೊತ್ತಿರಬೇಕು. ಬೆಳಗಾವಿ ಜಿಲ್ಲೆ ಬೇರೆಯಾದದ್ದು 1836ರಲ್ಲಿ, ಅದಕ್ಕೂ ಹಿಂದಿನದು ಧಾರವಾಡ ಕಲೆಕ್ಟರಿಯ ಕೆಳಗೆ ಬರುತ್ತದೆ. ಇಂದಿನ ಬೈಲಹೊಂಗಲ ತಾಲೂಕಿನ ಹಳೆಯ ಹೆಸರು ಸಂಪಗಾವಿ, ಸವದತ್ತಿಯದು ಪರಸಗಡ. ಈ ಹೆಸರುಗಳನ್ನು ಅರಿಯದೆ ಪಟ್ಟಿ ನೋಡಿದವರಿಗೆ ತಮ್ಮ ತಾಲೂಕೇ ಇಲ್ಲವೆನಿಸುತ್ತದೆ. ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿದ್ದು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, ಅಲ್ಲಿಯವರೆಗಿನ ಕಂದಾಯದ ಕಾಗದ ಸಂಸ್ಥಾನದ್ದೇ. ತೊರಗಲ್ಲು ಕೊಲ್ಲಾಪುರದ ಜಹಗೀರು. ಹಾಗಾಗಿ ಒಂದೇ ತಾಲೂಕಿನ ಎರಡು ನೆರೆಹಳ್ಳಿಗಳ ಇತಿಹಾಸ ಎರಡು ದಿಕ್ಕಿನ ದಫ್ತರಗಳಲ್ಲಿರಬಹುದು. ಪುಣೆಯ ಪೇಶ್ವೆ ದಫ್ತರ, ಕೊಲ್ಲಾಪುರ ಮತ್ತು ಮುಂಬಯಿಯ ಪುರಾಲೇಖಾಗಾರಗಳು ಇಂದು ಬೇರೆ ರಾಜ್ಯದಲ್ಲಿವೆ, ಅಲ್ಲಿನ ಹಳೆಯ ಕಾಗದ ಓದಲು ಮೋಡಿ ಬಲ್ಲವರು ಬೇಕು.

ರಾಮದುರ್ಗ ಮತ್ತು ನರಗುಂದದ ಅರಸರು ಕೊಂಕಣ ಮೂಲದ ಒಂದೇ ವಂಶದ ಎರಡು ಕವಲು. ನರಗುಂದದ ಬಾಬಾಸಾಹೇಬನಿಗೂ ದತ್ತಕದ ಅನುಮತಿ ಸಿಗಲಿಲ್ಲ. 1858ರ ಮೇ 29ರಂದು ರಾಮದುರ್ಗದ ಬಳಿಯ ಸುರೇಬಾನದಲ್ಲಿ ಅವನ ಕಡೆಯವರು ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಈ ಮ್ಯಾನ್ಸನ್ ಹಿಂದೆ ಇನಾಮು ಕಮಿಷನ್ನಿನಲ್ಲಿ ದುಡಿದವನು. ಬಾಬಾಸಾಹೇಬನನ್ನು ಅದೇ ಜೂನಿನಲ್ಲಿ ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಮೂವತ್ತನಾಲ್ಕು ವರ್ಷಗಳ ಅಂತರದಲ್ಲಿ ಇದೇ ಸೀಮೆಯಲ್ಲಿ ಎರಡು ಬಂಡಾಯಗಳು, ಎರಡರ ಬೇರಿನಲ್ಲೂ ವಾರಸುದಾರ ಯಾರು ಎಂಬ ಪ್ರಶ್ನೆ.

ದಾಖಲೆ ಇಲ್ಲದವರ ವಿಷಯ ಇಲ್ಲಿ ಬಿಡುವಂತಿಲ್ಲ. ಹೊಲವಿಲ್ಲದವರು ಸರ್ವೇ ಕಾಗದದಲ್ಲಿ ಬರಲಿಲ್ಲ. ಕಾಳು ಅಳೆಯಲಾರದವರ ಮನೆಗೆ ವಂಶ ಹೇಳುವವರು ಬರಲಿಲ್ಲ. ಮಾದಿಗ, ಹೊಲೆಯ ಕೇರಿಗಳ ಮನೆತನಗಳ ವಲಸೆ ಹೆಚ್ಚಾಗಿ ಬಾಯಿಮಾತಿನಲ್ಲಿ, ಊರಿನ ಚಾಕರಿಯ ವತನವಿದ್ದರೆ ಅದರ ಕಾಗದದಲ್ಲಿ, ಮುಂದೆ ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಹೆಣ್ಣುಮಕ್ಕಳು ಎಲ್ಲ ಬಗೆಯ ವಂಶಾವಳಿಗಳಲ್ಲೂ ಅಂಚಿನಲ್ಲಿದ್ದಾರೆ, ಯಾವ ಊರಿಗೆ ಕೊಟ್ಟರು ಎಂಬುದರಾಚೆಗೆ ಅವರ ಕವಲನ್ನು ಬರೆದಿಲ್ಲ. ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ಸಂತತಿಗೆ ವಂಶ ನಡೆದದ್ದು ತಾಯಿಯಿಂದಲೇ. ತಂದೆಯ ಹೆಸರು ಕೇಳುವ ಕಾಗದಗಳ ಮುಂದೆ ಆ ಮನೆಗಳ ಮಕ್ಕಳು ಪಟ್ಟ ಅವಮಾನ ಸಣ್ಣದಲ್ಲ. 1982ರ ಕರ್ನಾಟಕದ ಕಾಯ್ದೆ ಈ ದೇವದಾಸಿ ಪದ್ಧತಿಯನ್ನು ನಿಷೇಧಿಸಿತು. ಆ ಮನೆಗಳ ವಂಶವನ್ನು ತಾಯಂದಿರ ಸಾಲಿನಲ್ಲಿ ಬರೆಯುವುದೇ ನ್ಯಾಯ, ವಾಸ್ತವಕ್ಕೂ ಅದೇ ಹತ್ತಿರ.

ಸ್ವಾತಂತ್ರ್ಯದ ನಂತರ ಹಳೆಯ ಆಕರಗಳ ಬುಡ ಅಲುಗಿತು. ವತನಗಳು ರದ್ದಾದವು, ಕರ್ನಾಟಕದಲ್ಲಿ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1961ರದು. ಗೌಡ, ಕುಲಕರ್ಣಿಗಳ ಮನೆಯಲ್ಲಿದ್ದ ದಫ್ತರದಲ್ಲಿ ಸರ್ಕಾರಕ್ಕೆ ಹೋದದ್ದು ಹೋಯಿತು, ಉಳಿದದ್ದು ಅಟ್ಟದ ಮೇಲೆ ಗೆದ್ದಲು ಹಿಡಿಯಿತು. ಹೆಳವರ ಮಕ್ಕಳು ಶಾಲೆ ಕಲಿತು ಬೇರೆ ಕೆಲಸಕ್ಕೆ ಹೋದರು. ಎತ್ತಿನ ಬದಲು ಮೋಟಾರು ಸೈಕಲ್ಲಿನಲ್ಲಿ ಬಂದು ಒಕ್ಕಲಿನ ಹೆಸರು ಬರೆದುಕೊಳ್ಳುವ ಹೆಳವರು ಈಗಲೂ ಇದ್ದಾರೆ. ಆಸ್ತಿಯ ವ್ಯಾಜ್ಯಗಳಲ್ಲಿ ಅವರ ಪುಸ್ತಕಕ್ಕೆ ಬೇಡಿಕೆಯಿದೆ. ಮನೆತನದ ಸಂಬಂಧದ ಬಗ್ಗೆ ವ್ಯಾಜ್ಯ ಹುಟ್ಟುವ ಮೊದಲೇ ಬರೆದಿಟ್ಟ ವಂಶಾವಳಿಗೆ 1872ರ ಸಾಕ್ಷ್ಯ ಕಾಯ್ದೆಯ 32ನೆಯ ಕಲಮು ಬೆಲೆ ಕೊಟ್ಟಿತ್ತು. ಇತ್ತೀಚಿನ ವರ್ಷಗಳಲ್ಲಿ ಅಮೆರಿಕೆಯ ಯೂಟಾ ರಾಜ್ಯದ ಫ್ಯಾಮಿಲಿಸರ್ಚ್ ಸಂಸ್ಥೆ ಉತ್ತರ ಕರ್ನಾಟಕದ ಹೆಳವರ ಪುಸ್ತಕಗಳನ್ನು ಡಿಜಿಟಲ್ ಚಿತ್ರಗಳಾಗಿ ಉಳಿಸುವ ಕೆಲಸಕ್ಕೆ ಕೈಹಾಕಿದೆ. ರಾಜ್ಯ ಸರ್ಕಾರ 2000ದ ಸುಮಾರಿಗೆ ಭೂಮಿ ಯೋಜನೆಯಲ್ಲಿ ಉತಾರಗಳನ್ನು ಗಣಕಕ್ಕೆ ಏರಿಸಿತು, ಈಚೆಗೆ ಭೂಸುರಕ್ಷಾ ಯೋಜನೆಯಲ್ಲಿ ತಾಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಹೆಳವರ ಪುಸ್ತಕದ ಚಿತ್ರ ತೆಗೆದಷ್ಟಕ್ಕೆ ಕೆಲಸ ಮುಗಿಯದು. ಅದರಲ್ಲಿರುವುದು ಹೆಸರುಗಳ ಮೂಳೆಕಟ್ಟು ಮಾತ್ರ, ಊರು ಬಿಟ್ಟ ಕಾರಣ, ತಂಗಿದ ಊರುಗಳ ವಿವರ ಹೇಳುವವನ ಬಾಯಲ್ಲಿರುತ್ತದೆ. ವಯಸ್ಸಾದ ಹೆಳವರು ವಂಶ ಹೇಳುವುದನ್ನು ಪುಸ್ತಕದ ಜೊತೆಗೇ ಧ್ವನಿಮುದ್ರಿಸಿ, ಸಂಪಗಾವಿ ಮತ್ತು ಪರಸಗಡದ ಹಳೆಯ ವಾರಸಾ ಡೈರಿಗಳೊಡನೆ ಊರೂರಿಗೆ ಹೋಲಿಸಿ ನೋಡುವ ಕೆಲಸ ಇನ್ನೂ ಆಗಬೇಕಾಗಿದೆ.